ನೀರಿನ ಜೊತೆ ಜಗಳ ಬೇಡ



ಏಪ್ರಿಲ್ ಬಂತು ಅಂದ್ರೆ ನಮ್ಮ ನ್ಯೂಸ್ ಡೆಸ್ಕಿಗೆ ಒಂದು ಸುದ್ದಿ ಖಾಯಂ. ಈಜಲು ಹೋದ ಬಾಲಕರು ನೀರುಪಾಲು. ಊರಿನ ಹೆಸರು ಬದಲಾಗುತ್ತೆ, ಕೆರೆ ಬದಲಾಗುತ್ತೆ, ಉಳಿದದ್ದೆಲ್ಲ ಅದೇ. ಒಬ್ಬ ಜಾರಿ ಬಿದ್ದ, ಅವನನ್ನು ಎಳೆಯೋಕೆ ಇನ್ನೊಬ್ಬ ಇಳಿದ, ಇಬ್ಬರನ್ನೂ ಕಾಪಾಡೋಕೆ ಮೂರನೆಯವನು. ಹೋದ ವರ್ಷ ಇಂಥದ್ದೇ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ಳುವಾಗ ಅನ್ನಿಸಿತು: ಆ ದಡದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ದೆ? ಉತ್ತರ ಮುಜುಗರದ್ದು. ನನಗೇ ಈಜು ಬರ್ತಿರಲಿಲ್ಲ.

ಅದಕ್ಕೂ ಕಾರಣ ಇದೆ. ನನ್ನ ಅಮ್ಮನ ಕೊನೇ ತಮ್ಮ ನಾಲೆಯಲ್ಲಿ ಹೋಗಿಬಿಟ್ಟಿದ್ದ. ಊರ ಹುಡುಗರೆಲ್ಲ ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಖಾಲಿ ಕ್ಯಾನನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತರು. ನಮ್ಮ ಮನೆಯಲ್ಲಿ ಮಾತ್ರ ನೀರು ಅಂದ್ರೆ ಕುಡಿಯೋಕೆ, ಸ್ನಾನಕ್ಕೆ, ಅಷ್ಟೇ. ಅಮ್ಮನ ಭಯ ನ್ಯಾಯವಾದದ್ದೇ. ಆದರೆ ಆ ಭಯ ನನ್ನನ್ನು ನೀರಿನಿಂದ ದೂರ ಇಟ್ಟಿತೇ ಹೊರತು, ನೀರಿಗೆ ಬಿದ್ದರೆ ಏನು ಮಾಡಬೇಕು ಅಂತ ಕಲಿಸಲಿಲ್ಲ.

34ನೇ ವಯಸ್ಸಿಗೆ ಈಜುಕೊಳಕ್ಕೆ ಸೇರಿದೆ. ನನ್ನ ಬ್ಯಾಚಿನಲ್ಲಿ ಉಳಿದವರೆಲ್ಲ ಎಂಟು, ಒಂಬತ್ತು ವರ್ಷದವರು. ಕಂಬಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ಒಬ್ಬ ಕೇಳಿದ, "ಅಂಕಲ್, ಟಿವೀಲಿ ಅಷ್ಟು ಜೋರಾಗಿ ಮಾತಾಡ್ತೀರಲ್ಲ, ಇಲ್ಯಾಕೆ ನಡುಗ್ತಿದ್ದೀರಾ?" ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಆರ್ಕಿಮಿಡೀಸ್ ತತ್ವ ಬರೆದು ಅಂಕ ತಗೊಂಡವನು ನಾನು. ಎದೆಮಟ್ಟದ ನೀರಿನಲ್ಲಿ ಅದು ನೆನಪಿಗೂ ಬರಲಿಲ್ಲ.

ಕೋಚ್ ಹೇಳಿದ್ದು ಒಂದೇ ಮಾತು. "ಸಾರ್, ನೀರಿನ ಜೊತೆ ಜಗಳ ಆಡ್ಬೇಡಿ. ತಲೆ ಒಳಗಿಡಿ."

ಆ ಮಾತಿನ ಹಿಂದಿನ ಲೆಕ್ಕ ನೋಡಿ. ಶ್ವಾಸಕೋಶದ ತುಂಬ ಗಾಳಿ ಇದ್ದಾಗ ನಮ್ಮಲ್ಲಿ ಹೆಚ್ಚಿನವರ ದೇಹ ನೀರಿಗಿಂತ ತುಸು ಹಗುರ. ಪೂರ್ತಿ ಉಸಿರು ಬಿಟ್ಟರೆ ತುಸು ಭಾರ. ಅಂತರ ಅಷ್ಟು ಸಣ್ಣದು. ಹೆದರಿದವನು ಮೊದಲು ಮಾಡೋದೇನು? ಕಿರುಚುತ್ತಾನೆ, ಗಾಳಿ ಖಾಲಿ. ತಲೆ ಎತ್ತುತ್ತಾನೆ. ತಲೆಯ ತೂಕವೇ ನಾಲ್ಕೈದು ಕಿಲೋ. ನೀರೊಳಗಿದ್ದಾಗ ಅದನ್ನು ನೀರು ಹೊರುತ್ತೆ, ಹೊರಗೆ ಎತ್ತಿದರೆ ದೇಹವೇ ಹೊರಬೇಕು. ತಲೆ ಮೇಲೆ ಹೋದಷ್ಟೂ ಸೊಂಟ, ಕಾಲು ಕೆಳಕ್ಕೆ. ಅಂದ್ರೆ ಬದುಕೋಕೆ ಅಂತ ಮಾಡಿದ ಎರಡೂ ಕೆಲಸ ನಮ್ಮನ್ನು ಮುಳುಗಿಸುತ್ತವೆ.

ಹಾಗಾಗಿ ಹೊಸಬರಿಗೆ ಮೊದಲ ಪಾಠ ಕೈಕಾಲು ಬಡಿಯೋದಲ್ಲ, ಉಸಿರಾಟ. ಬಾಯಲ್ಲಿ ಎಳೆದುಕೊಂಡು, ಮುಖ ಮುಳುಗಿಸಿ, ಗುಳ್ಳೆ ಬರುವ ಹಾಗೆ ನಿಧಾನಕ್ಕೆ ಬಿಡೋದು. ನನಗೆ ಇದಕ್ಕೇ ಒಂದು ವಾರ ಹಿಡಿಯಿತು. ಆಮೇಲೆ ಅಂಗಾತ ತೇಲೋದು. ಕಿವಿ ಮುಳುಗಬೇಕು, ಹೊಟ್ಟೆ ಮೇಲೆತ್ತಬೇಕು, ಕೈ ಚಾಚಬೇಕು. ಹತ್ತು ಸಲ ಮುಳುಗಿದೆ. ಹನ್ನೊಂದನೇ ಸಲ ನೀರು ಎತ್ತಿಕೊಂಡಿತು. ಆರನೇ ವಾರ 25 ಮೀಟರ್ ದಾಟಿದೆ. ಪಕ್ಕದ ಲೇನಿನ ಹುಡುಗ ಅಷ್ಟರಲ್ಲಿ ಹೋಗಿ ವಾಪಸ್ ಬಂದಿದ್ದ.

ಈಗ ಮತ್ತೆ ಆ ಪ್ರಶ್ನೆ. ಇವತ್ತು ನಾನು ಆ ದಡದಲ್ಲಿದ್ದರೆ ಧುಮುಕ್ತೀನಾ? ಇಲ್ಲ. ಕೊಳದಲ್ಲಿ ಈಜಿದವನು ಹೊಳೆಗೆ ಸಾಲದು. ಕೆರೆಯಲ್ಲಿ ಹೂಳಿದೆ, ಹೊಳೆಯಲ್ಲಿ ಸೆಳವು, ಮರಳು ತೆಗೆದ ಗುಂಡಿಗಳಿವೆ. ಮುಳುಗುವವನು ಕಾಪಾಡಲು ಬಂದವನನ್ನೇ ಅದುಮಿ ಹಿಡೀತಾನೆ. ಹಗ್ಗ, ಸೀರೆ, ಪಂಚೆ, ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ದಡದಿಂದಲೇ ಎಸೆಯಿರಿ, ಜನರನ್ನು ಕೂಗಿ ಕರೆಯಿರಿ. ಇನ್ನೊಂದು ವಿಷಯ. ಮುಳುಗುವವರು ಸಿನಿಮಾದಲ್ಲಿ ತೋರಿಸೋ ಹಾಗೆ ಕೂಗಿಕೊಳ್ಳುವುದು ಕಡಿಮೆ. ಬಾಯಿ ನೀರಿನ ಮಟ್ಟದಲ್ಲಿರುತ್ತೆ, ಉಸಿರಿಗೇ ಪುರುಸೊತ್ತಿರಲ್ಲ. ಮಕ್ಕಳು ನೀರಲ್ಲಿ ಸದ್ದಿಲ್ಲದೆ ಇದ್ದರೆ ಓಡಿ ನೋಡಿ.

ಕೃಷಿ ಹೊಂಡ ಇರುವ ರೈತರಿಗೆ ವಿಶೇಷವಾಗಿ ಹೇಳ್ತೀನಿ. 2014ರಲ್ಲಿ ಶುರುವಾದ ಕೃಷಿ ಭಾಗ್ಯದಿಂದ ಒಣಭೂಮಿಗೆ ಹೊಂಡಗಳು ಬಂದವು, ಬೆಳೆಗೆ ನೀರಾಯಿತು. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಇಳಿಜಾರು ಪಾಚಿ ಕಟ್ಟಿದರೆ ಈಜು ಬಲ್ಲವರೂ ಹತ್ತಿ ಬರೋದು ಕಷ್ಟ. ಸುತ್ತ ಬೇಲಿ ಹಾಕಿ. ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಒಂದು ಹಳೇ ಟ್ಯೂಬ್ ಇಡಿ. ಖರ್ಚು ದೊಡ್ಡದಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಿ ಅನ್ನೋದು ಅದೇ ಸಂಸ್ಥೆಯ ಸಲಹೆ. ನಮ್ಮಲ್ಲಿ ಎಷ್ಟು ಶಾಲೆಗಳು ಕಲಿಸ್ತಿವೆ, ನೀವೇ ಹೇಳಿ.

25 ಮೀಟರ್ ದಾಟಿದ ದಿನ ಅಮ್ಮನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಲೆ ಸರಿಯಾಗಿ ಒರೆಸ್ಕೊಂಡೆ ತಾನೇ?" ಅಂದರು. ಮರುದಿನ ಅವರೇ ಫೋನ್ ಮಾಡಿದರು: "ಮಗೂನೂ ಸೇರಿಸಪ್ಪ."

ರಜೆ ಶುರುವಾಗ್ತಿದೆ. ನಿಮ್ಮ ಮಕ್ಕಳನ್ನೂ ಸೇರಿಸಿ. ಸಾಧ್ಯವಾದರೆ ನೀವೂ ಇಳಿಯಿರಿ.