ತಲೆಗೆ ಪೆಟ್ಟು ಬಿದ್ದಾಗ: ಮೈದಾನಕ್ಕೆ ಮರಳುವ ದಾರಿಯಲ್ಲಿ ಫಿಸಿಯೋಥೆರಪಿಸ್ಟ್

2019ರ ಆಗಸ್ಟ್ ತಿಂಗಳು. ಲಾರ್ಡ್ಸ್ ಮೈದಾನದಲ್ಲಿ ಆಷಸ್ ಸರಣಿಯ ಎರಡನೇ ಟೆಸ್ಟ್ ನಡೆದಿತ್ತು. ಇಂಗ್ಲೆಂಡಿನ ವೇಗಿ ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅವರ ಕತ್ತಿಗೆ ಬಡಿಯಿತು. ನೆಲಕ್ಕುರುಳಿದ ಸ್ಮಿತ್ ಪೆವಿಲಿಯನ್‌ಗೆ ಮರಳಿದರು. ಅಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಒಂದು ಗಂಟೆಯೊಳಗೆ ಅವರು ಮತ್ತೆ ಬ್ಯಾಟಿಂಗಿಗೆ ಇಳಿದು 92 ರನ್ ಗಳಿಸಿ ಔಟಾದರು. ಆದರೆ ಮರುದಿನ ಬೆಳಗ್ಗೆ ಅವರಿಗೆ ತಲೆನೋವು ಮತ್ತು ಮಂಪರು ಕಾಣಿಸಿಕೊಂಡಿತು. ಮಾರ್ನಸ್ ಲಬುಶೇನ್ ಅವರ ಸ್ಥಾನದಲ್ಲಿ ಕಣಕ್ಕಿಳಿದು, ಟೆಸ್ಟ್ ಇತಿಹಾಸದ ಮೊದಲ ‘ಕನ್ಕಷನ್ ಬದಲಿ ಆಟಗಾರ’ ಎನಿಸಿದರು.

ಭಾರತದ ಅಭಿಮಾನಿಗಳಿಗೆ 2020ರ ಡಿಸೆಂಬರ್‌ನ ಕ್ಯಾನ್‌ಬೆರಾ ಟಿ-20 ಪಂದ್ಯ ನೆನಪಿರಬಹುದು. ಕೊನೆಯ ಓವರಿನಲ್ಲಿ ಹೆಲ್ಮೆಟ್‌ಗೆ ಚೆಂಡು ತಗುಲಿದರೂ ರವೀಂದ್ರ ಜಡೇಜ ಆಟ ಮುಂದುವರಿಸಿದರು. ಇನಿಂಗ್ಸ್ ಮುಗಿದ ಬಳಿಕ ಅವರ ಬದಲಿಗೆ ಯಜುವೇಂದ್ರ ಚಾಹಲ್ ಆಡಿದರು. ಎರಡೂ ಪ್ರಸಂಗಗಳು ಹೇಳುವ ಸಂಗತಿ ಒಂದೇ: ಪೆಟ್ಟು ಬಿದ್ದ ಗಳಿಗೆಯಲ್ಲಿ ಆಟಗಾರ ಎದ್ದು ನಿಂತ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸುವಂತಿಲ್ಲ.

ಸ್ಕ್ಯಾನ್‌ನಲ್ಲಿ ಕಾಣದ ಗಾಯ

ತಲೆ, ಮುಖ, ಕತ್ತು ಅಥವಾ ದೇಹದ ಬೇರೆ ಭಾಗಕ್ಕೆ ಬಿದ್ದ ಪೆಟ್ಟಿನ ರಭಸ ಮಿದುಳನ್ನು ತಲುಪಿ, ಅದರ ಕಾರ್ಯದಲ್ಲಿ ತಾತ್ಕಾಲಿಕ ಏರುಪೇರು ಉಂಟಾಗುವುದೇ ಕನ್ಕಷನ್. ತಲೆನೋವು, ತಲೆಸುತ್ತು, ವಾಕರಿಕೆ, ಮರೆವು, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ನಿದ್ರೆ ಕೆಡುವುದು, ಕಾರಣವಿಲ್ಲದ ಸಿಡುಕು ಇದರ ಲಕ್ಷಣಗಳು. ಬಹುಪಾಲು ಮಂದಿಗೆ ಪ್ರಜ್ಞೆ ತಪ್ಪುವುದಿಲ್ಲ. ಸಿ.ಟಿ. ಸ್ಕ್ಯಾನ್ ವರದಿಯೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಮೂಳೆ ಮುರಿತ ಅಥವಾ ರಕ್ತಸ್ರಾವ ಇಲ್ಲವೆಂಬುದನ್ನು ಸ್ಕ್ಯಾನ್ ತಿಳಿಸಬಲ್ಲದೇ ಹೊರತು ಕನ್ಕಷನ್ ಇಲ್ಲವೆಂದು ಹೇಳಲಾರದು. ಆದ್ದರಿಂದಲೇ ಆಟಗಾರನನ್ನು ಹತ್ತಿರದಿಂದ ಬಲ್ಲ, ದಿನವೂ ಗಮನಿಸುವ ತಜ್ಞರ ಅಗತ್ಯ ಇಲ್ಲಿ ಹೆಚ್ಚು.

ಆ ಸ್ಥಾನದಲ್ಲಿ ಇರುವವರು ಅನೇಕ ವೇಳೆ ಫಿಸಿಯೋಥೆರಪಿಸ್ಟರು. ಪೆಟ್ಟು ಬಿದ್ದೊಡನೆ ಚೀಲ ಹಿಡಿದು ಮೈದಾನಕ್ಕೆ ಓಡುವವರು ಅವರೇ. ಮೊದಲು ಉಸಿರಾಟ ಮತ್ತು ಕತ್ತಿನ ಮೂಳೆಯ ಸ್ಥಿತಿಯನ್ನು ಪರಿಶೀಲಿಸುತ್ತಾರೆ. ಬಳಿಕ ‘ಇದು ಯಾವ ಮೈದಾನ, ಕಳೆದ ಪಂದ್ಯದಲ್ಲಿ ಎದುರಾಳಿ ಯಾರು’ ಎಂಬಂಥ ಸರಳ ಪ್ರಶ್ನೆಗಳ ಮೂಲಕ ನೆನಪನ್ನು, ನಿಲುವು ಮತ್ತು ನಡಿಗೆಯ ಮೂಲಕ ಸಮತೋಲವನ್ನು ಅಳೆಯುತ್ತಾರೆ. ಅನುಮಾನ ಬಂದರೆ ಆಟಗಾರ ಅಂದು ಮತ್ತೆ ಆಡಕೂಡದು ಎಂಬುದು ಎಲ್ಲ ಕ್ರೀಡೆಗಳಿಗೂ ಅನ್ವಯವಾಗುವ ನಿಯಮ. ರೋಗನಿರ್ಣಯದ ಹೊಣೆ ವೈದ್ಯರದು. ಆದರೆ ಆ ಅನುಮಾನವನ್ನು ಮೊದಲು ಎತ್ತಬೇಕಾದವರು ಫಿಸಿಯೋ.

ಕತ್ತಲೆ ಕೋಣೆಯ ಕಾಲ ಮುಗಿಯಿತು

ಲಕ್ಷಣಗಳು ಪೂರ್ತಿ ಮಾಯವಾಗುವವರೆಗೆ ಕತ್ತಲೆ ಕೋಣೆಯಲ್ಲಿ ಮಲಗಿರಬೇಕೆಂಬ ಸಲಹೆ ಹಿಂದೆ ಸಾಮಾನ್ಯವಾಗಿತ್ತು. ಈಗ ಆ ತಿಳಿವಳಿಕೆ ಬದಲಾಗಿದೆ. 2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದ ಒಮ್ಮತದ ಹೇಳಿಕೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ ಸಾಕು. ಈ ಅವಧಿಯಲ್ಲಿ ಮೊಬೈಲ್ ಮತ್ತು ಟಿ.ವಿ. ಪರದೆಯ ಬಳಕೆಯನ್ನೂ ತಗ್ಗಿಸಬೇಕು. ನಂತರ ನಡಿಗೆ, ಸ್ಥಿರ ಸೈಕಲ್‌ನಂತಹ ಹಗುರ ವ್ಯಾಯಾಮ ಚೇತರಿಕೆಗೆ ನೆರವಾಗುತ್ತದೆ.

ಎಷ್ಟು ವ್ಯಾಯಾಮ ಎಂಬುದೇ ಮುಖ್ಯ ಪ್ರಶ್ನೆ. ಅಮೆರಿಕದ ಬಫಲೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಟ್ರೆಡ್‌ಮಿಲ್ ಪರೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. ಇಳಿಜಾರನ್ನು ಹಂತಹಂತವಾಗಿ ಏರಿಸುತ್ತಾ, ಯಾವ ಹೃದಯಬಡಿತಕ್ಕೆ ತಲೆನೋವು ಅಥವಾ ತಲೆಸುತ್ತು ಹೆಚ್ಚುತ್ತದೆ ಎಂಬುದನ್ನು ಫಿಸಿಯೋ ಗುರುತಿಸುತ್ತಾರೆ. ಆ ಮಿತಿಗಿಂತ ಕೊಂಚ ಕಡಿಮೆ ಮಟ್ಟದಲ್ಲಿ ದಿನನಿತ್ಯದ ವ್ಯಾಯಾಮ ಗೊತ್ತುಮಾಡಲಾಗುತ್ತದೆ.

ತಲೆಸುತ್ತು, ಕತ್ತುನೋವು ಅಥವಾ ತಲೆನೋವು ಹತ್ತು ದಿನ ದಾಟಿಯೂ ಉಳಿದರೆ ಅದಕ್ಕೆ ಮಿದುಳೊಂದೇ ಕಾರಣ ಎನ್ನಲಾಗದು. ಪೆಟ್ಟಿನ ರಭಸಕ್ಕೆ ಕತ್ತಿನ ಕೀಲು ಮತ್ತು ಸ್ನಾಯುಗಳು ನೊಂದಿರಬಹುದು. ಒಳಗಿವಿಯ ಸಮತೋಲನ ವ್ಯವಸ್ಥೆ ಕೆಟ್ಟಿರಬಹುದು. ಕೈಚಳಕದ ಚಿಕಿತ್ಸೆ, ಕತ್ತಿನ ವ್ಯಾಯಾಮ, ತಲೆ ಆಡಿಸುತ್ತಲೇ ದೃಷ್ಟಿಯನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ಇವುಗಳಿಗೆ ಮದ್ದು. ಕೆನಡಾದ ಕ್ಯಾಲ್ಗರಿಯ ಫಿಸಿಯೋಥೆರಪಿಸ್ಟ್ ಕ್ಯಾಥರಿನ್ ಶ್ನೈಡರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಇಂತಹ ಚಿಕಿತ್ಸೆ ಪಡೆದವರಲ್ಲಿ ಶೇ. 73ರಷ್ಟು ಮಂದಿಗೆ ಎಂಟು ವಾರಗಳೊಳಗೆ ಆಟಕ್ಕೆ ಮರಳಲು ವೈದ್ಯರ ಅನುಮತಿ ದೊರೆಯಿತು. ಇದನ್ನು ಪಡೆಯದ ಗುಂಪಿನಲ್ಲಿ ಆ ಪ್ರಮಾಣ ಶೇ. 7 ಮಾತ್ರ. ಅಧ್ಯಯನ ಚಿಕ್ಕದು, ಭಾಗವಹಿಸಿದವರು 31 ಮಂದಿ. ಆದರೂ ಮುಂದಿನ ಮಾರ್ಗಸೂಚಿಗಳು ಇದೇ ದಾರಿಯಲ್ಲಿ ಸಾಗಿವೆ.

ಆರು ಹಂತಗಳ ಮರಳುವಿಕೆ

ಮೈದಾನಕ್ಕೆ ಮರಳಲು ಆರು ಹಂತಗಳಿವೆ: ದಿನನಿತ್ಯದ ಚಟುವಟಿಕೆ, ಹಗುರದಿಂದ ಮಧ್ಯಮ ವ್ಯಾಯಾಮ, ಒಂಟಿಯಾಗಿ ಆಟದ ಅಭ್ಯಾಸ, ಮೈಸೋಕದ ತಂಡದ ಅಭ್ಯಾಸ, ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ ಬೇಕು. ತಲೆಗೆ ಮತ್ತೆ ಪೆಟ್ಟು ಬೀಳುವ ಸಂಭವವಿರುವ ಹಂತಕ್ಕೆ ಹೋಗುವ ಮುನ್ನ ಲಕ್ಷಣಗಳು ಸಂಪೂರ್ಣ ಶಮನವಾಗಿರಬೇಕು, ವೈದ್ಯರ ಅನುಮತಿಯೂ ಇರಬೇಕು. ಬಹುತೇಕರು ಒಂದು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಮಕ್ಕಳ ವಿಷಯದಲ್ಲಿ ಶಾಲೆಗೆ ಮರಳುವುದು ಮೊದಲು, ಆಟ ನಂತರ.

ನಮ್ಮ ಶಾಲಾ ಮೈದಾನಗಳಲ್ಲಿ, ಊರಿನ ಕಬಡ್ಡಿ ಅಂಕಣಗಳಲ್ಲಿ ಫಿಸಿಯೋ ಇರುವುದು ಅಪರೂಪ. ಅಲ್ಲಿ ಆ ಹೊಣೆ ದೈಹಿಕ ಶಿಕ್ಷಕರದು, ಪೋಷಕರದು. ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಆಟಕ್ಕೆ ಕಳುಹಿಸುವ ರೂಢಿ ನಿಲ್ಲಬೇಕು. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳದ ಎಳೆಯ ಮಿದುಳಿಗೆ ಎರಡನೇ ಪೆಟ್ಟು ಬಿದ್ದರೆ, ಅಪರೂಪಕ್ಕಾದರೂ, ಪ್ರಾಣಾಪಾಯ ಉಂಟಾಗಬಹುದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಕೈಕಾಲು ಜೋಮು ಅಥವಾ ನಿಶ್ಶಕ್ತಿ, ಎಬ್ಬಿಸಿದರೂ ಏಳದ ಮಂಪರು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಸ್ಮಿತ್ ಲೀಡ್ಸ್‌ನ ಮುಂದಿನ ಟೆಸ್ಟ್ ಆಡಲಿಲ್ಲ. ಆ ಪಂದ್ಯವನ್ನು ಆಸ್ಟ್ರೇಲಿಯಾ ಕೇವಲ ಒಂದು ವಿಕೆಟ್ ಅಂತರದಿಂದ ಸೋತಿತು. ಅಷ್ಟು ಬೆಲೆ ತೆತ್ತರೂ ತಂಡ ಅವರನ್ನು ಅವಸರಪಡಿಸಲಿಲ್ಲ. ನಂತರ ಮ್ಯಾಂಚೆಸ್ಟರ್‌ನಲ್ಲಿ ಕಣಕ್ಕಿಳಿದ ಅವರು 211 ರನ್ ಬಾರಿಸಿದರು.