ಪಿಂಕ್ ಫ್ಲಾಯ್ಡ್: ಮೊದಲು ಮತ್ತು ಆಮೇಲೆ

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್' ಒಂದೇ. 1967ರ ಮೊದಲ ಎಲ್.ಪಿ. ಕೇಳಿದರೆ, ಅವರೇನಾ ಇವರು ಅನ್ನಿಸುತ್ತೆ. ಅದರ 11 ಹಾಡುಗಳಲ್ಲಿ 8 ಸಿಡ್ ಬ್ಯಾರೆಟ್ ಒಬ್ಬನೇ ಬರೆದವು. ಬೆಕ್ಕು, ಬೈಸಿಕಲ್ಲು, ಬೆದರುಬೊಂಬೆ – ಎಲ್ಲ ಮಕ್ಕಳ ಕಥೆಯ ಸಾಮಾನು. 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್'ನಲ್ಲಿ ಗಿಟಾರು 9 ನಿಮಿಷಕ್ಕೂ ಹೆಚ್ಚು ಅಲೆಯುತ್ತದೆ. ಎಲ್ಲಿಗೆ ಹೋಗುತ್ತೋ ಹೇಳಕ್ಕಾಗಲ್ಲ.

ಮನಸ್ಸಿನ ಸಮತೋಲ ತಪ್ಪಿದ ಬ್ಯಾರೆಟ್ 1968ರಲ್ಲಿ ತಂಡ ಬಿಡಬೇಕಾಯಿತು. ಆಮೇಲೆ ಡೇವಿಡ್ ಗಿಲ್ಮೋರನ ಗಿಟಾರು ಅಳೆದು ತೂಗಿ ನುಡಿಯಿತು. ರೋಜರ್ ವಾಟರ್ಸ್ ಕಾಲ, ದುಡ್ಡು, ಹುಚ್ಚು ಕುರಿತು ಬರೆದ. 'ಮನಿ' ಹಾಡಿನಲ್ಲಿ ಗಲ್ಲಾಪೆಟ್ಟಿಗೆಯ ಸದ್ದೂ ತಾಳಕ್ಕೆ ಕೂತಿದೆ. ಬಹುಭಾಗ ಏಳರ ಎಣಿಕೆ. ಮಿಶ್ರಛಾಪು ಗೊತ್ತಿದ್ದವರು ಕೈಯಲ್ಲಿ ತಾಳ ಹಾಕಿ ನೋಡಬಹುದು.

ಹಾಗಾದರೆ ಇವು ಎರಡು ಬೇರೆ ತಂಡಗಳೇ? ನಾನು ಒಪ್ಪಲ್ಲ. 1975ರ 'ವಿಶ್ ಯು ವರ್ ಹಿಯರ್' ಎಲ್.ಪಿ.ಯ ದೊಡ್ಡ ಹಾಡು ಬ್ಯಾರೆಟ್‌ನನ್ನು ಕುರಿತದ್ದೇ. ಅದರ ಧ್ವನಿಮುದ್ರಣದ ದಿನಗಳಲ್ಲಿ ಅವನೇ ಲಂಡನ್ನಿನ ಸ್ಟುಡಿಯೋಗೆ ಬಂದ. ಹಳೇ ಗೆಳೆಯರಿಗೆ ಮೊದಲು ಗುರುತೇ ಸಿಗಲಿಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ, 1967ರ ಬಾಕಿಯನ್ನೇ 1975ರ ಪುಟಕ್ಕೆ ತಂದು ಬರೆದಿದ್ದಾರೆ. ಆ ಮೊದಲ ಆಟ ಕೇಳದೆ ಈ ದುಃಖ ಪೂರ್ತಿ ತಿಳಿಯೋದಿಲ್ಲ. ಎರಡನ್ನೂ ವರ್ಷದ ಕ್ರಮದಲ್ಲೇ ಕೇಳಿ.