ಬಿಸಿಯೂಟ ಎಲ್ಲರಿಗೂ ಏಕೆ?

ತರಗತಿಯ ಕಪ್ಪು ಹಲಗೆಯನ್ನು ನೋಡಲು ಯಾರಾದರೂ ನಿಮ್ಮ ತಂದೆಯವರ ಆದಾಯ ಪ್ರಮಾಣಪತ್ರ ಕೇಳಿದ್ದುಂಟೆ? ಇಲ್ಲ. ಹಲಗೆ, ಬೆಂಚು, ಕುಡಿಯುವ ನೀರಿನ ನಲ್ಲಿ ಇವೆಲ್ಲ ಶಾಲೆಗೆ ಬಂದ ಪ್ರತಿಯೊಂದು ಮಗುವಿಗೂ ಸೇರಿದವು. ಆದರೆ ಮಧ್ಯಾಹ್ನದ ಊಟದ ಮಾತು ಬಂದೊಡನೆ, "ಬಡ ಮಕ್ಕಳಿಗಷ್ಟೇ ಕೊಟ್ಟರೆ ಸಾಲದೆ? ಉಳ್ಳವರ ಮಕ್ಕಳಿಗೂ ಏಕೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸರ್ಕಾರದ ಹಣವೆಂದರೆ ನಮ್ಮೆಲ್ಲರ ಹಣ. ಉತ್ತರ ಹುಡುಕುವ ಮೊದಲು ಈ ಊಟ ನಮ್ಮ ಶಾಲೆಗಳಿಗೆ ಬಂದ ದಾರಿಯನ್ನು ತುಸು ನೋಡೋಣ.

ಮದರಾಸು ನಗರಸಭೆಯ ಶಾಲೆಯೊಂದರಲ್ಲಿ 1920ರಲ್ಲಿಯೇ ಇಂತಹ ಪ್ರಯತ್ನ ನಡೆದಿತ್ತು. ಮುಂದೆ ಮುಖ್ಯಮಂತ್ರಿ ಕಾಮರಾಜರು 1956ರಲ್ಲಿ ಅದನ್ನು ವಿಸ್ತರಿಸಿದರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದರು. ರಾಷ್ಟ್ರಮಟ್ಟದ ಯೋಜನೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಆದರೆ ಅಂದು ಕರ್ನಾಟಕವೂ ಸೇರಿ ಹೆಚ್ಚಿನ ರಾಜ್ಯಗಳಲ್ಲಿ ಮಕ್ಕಳಿಗೆ ಸಿಕ್ಕಿದ್ದು ಊಟವಲ್ಲ, ತಿಂಗಳಿಗೆ 3 ಕಿಲೋ ಧಾನ್ಯ. ಹಾಜರಾತಿ ಶೇಕಡಾ 80 ಇದ್ದರೆ ಮಗು ಚೀಲ ಹಿಡಿದು ಮನೆಗೆ ಒಯ್ಯಬೇಕು.

ಇದರಲ್ಲಿ ಕೊರತೆ ಏನಿತ್ತು? ಲೆಕ್ಕ ಹಾಕಿ ನೋಡಿ. ಐದು ಜನರ ಮನೆಯಲ್ಲಿ 3 ಕಿಲೋ ಅಕ್ಕಿ ಎಷ್ಟು ದಿನ ಬಂದೀತು? ಅಕ್ಕಿ ಮನೆಯ ಪಾತ್ರೆಗೆ ಬೀಳುತ್ತಿತ್ತು, ಎಲ್ಲರೂ ಹಂಚಿಕೊಂಡು ಉಣ್ಣುತ್ತಿದ್ದರು. ಅದು ತಪ್ಪೂ ಅಲ್ಲ. ಆದರೆ ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಶಾಲೆಯಲ್ಲಿ ಕುಳಿತ ಮಗುವಿನ ಹೊಟ್ಟೆ ಮೊದಲಿನಷ್ಟೇ ಖಾಲಿ.

2001ರಲ್ಲಿ ಗೋದಾಮುಗಳಲ್ಲಿ ಧಾನ್ಯ ರಾಶಿ ಬಿದ್ದಿದ್ದಾಗಲೇ ಬರಪೀಡಿತ ರಾಜಸ್ಥಾನದಲ್ಲಿ ಜನ ಹಸಿದಿದ್ದರು. ಆಗ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಸರ್ವೋಚ್ಚ ನ್ಯಾಯಾಲಯದ ಮೊರೆಹೋಯಿತು. ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯ ನೀಡಿದ ಆದೇಶ ಸ್ಪಷ್ಟವಾಗಿತ್ತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟವನ್ನೇ ಕೊಡಬೇಕು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಒಲೆ ಹೊತ್ತಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಶರಣರ ನಾಡಿಗೆ ಒಪ್ಪುವ 'ಅಕ್ಷರ ದಾಸೋಹ' ಎಂಬ ಹೆಸರೂ ಬಂತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇದನ್ನು ಎಂಟನೆಯ ತರಗತಿಯವರೆಗಿನ ಮಕ್ಕಳ ಹಕ್ಕನ್ನಾಗಿಸಿತು. ಕರ್ನಾಟಕ ಹತ್ತನೆಯ ತರಗತಿಯವರೆಗೂ ಬಡಿಸುತ್ತದೆ.

ತಟ್ಟೆಯೊಳಗಿನ ಲೆಕ್ಕ

ಪರದೆಯ ಮೇಲೆ ತಟ್ಟೆಯನ್ನು ತೋರಿಸುವುದು ಸುಲಭ; ಅದರೊಳಗಿನ ಲೆಕ್ಕಕ್ಕೆ ಅಚ್ಚಿನ ಪುಟವೇ ಅನುಕೂಲ. 2009ರ ಪರಿಷ್ಕೃತ ನಿಯಮದಂತೆ ಪ್ರಾಥಮಿಕ ಶಾಲೆಯ ಮಗುವಿನ ಊಟದಲ್ಲಿ 450 ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನು ಇರಬೇಕು. ಅದಕ್ಕೆ ಗೊತ್ತುಪಡಿಸಿದ್ದು 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅಕ್ಕಿಯಿಂದ ಸುಮಾರು 345 ಕ್ಯಾಲೊರಿ, ತೊಗರಿಬೇಳೆಯಿಂದ 67ರಷ್ಟು, ಎಣ್ಣೆಯಿಂದ 45. ಇವು ಕೂಡಿದರೆ 450 ದಾಟುತ್ತದೆ. ಪ್ರೋಟೀನಿನಲ್ಲಿ ಅಕ್ಕಿಯ ಪಾಲು 7 ಗ್ರಾಂ, ಬೇಳೆಯದು ನಾಲ್ಕೂವರೆಗೆ ಹತ್ತಿರ. ಉಳಿದ ಅಲ್ಪಸ್ವಲ್ಪ ತರಕಾರಿಯದು.

ಈಗ ಒಂದು ಪ್ರಶ್ನೆ. ಸಾರು ನೀರಾಗಿ, ಬೇಳೆ 20 ಗ್ರಾಂ ಬದಲು 10 ಗ್ರಾಂ ಬಿದ್ದರೆ ಏನಾಗುತ್ತದೆ? ಕ್ಯಾಲೊರಿಯಲ್ಲಿ ಇಳಿಯುವುದು ಮೂವತ್ತು ಮೂವತ್ತೈದು ಮಾತ್ರ. ಹೊಟ್ಟೆ ತುಂಬಿದಂತೆಯೇ ಇರುತ್ತದೆ. ಆದರೆ ಪ್ರೋಟೀನಿನಲ್ಲಿ ಸುಮಾರು ಐದನೆಯ ಒಂದು ಭಾಗ ಹೋಯಿತು. ಮಗು ದೂರು ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಹಸಿವೆಯಿಲ್ಲ. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಅನ್ನ-ಸಾಂಬಾರಿನಲ್ಲಿ ಸುಣ್ಣದಂಶವೂ ಕಬ್ಬಿಣದಂಶವೂ ಕಡಿಮೆ. ಆದ್ದರಿಂದಲೇ ಕರ್ನಾಟಕದಲ್ಲಿ 2013ರ ಆಗಸ್ಟ್‌ನಲ್ಲಿ ಕ್ಷೀರ ಭಾಗ್ಯದ 150 ಮಿಲಿಲೀಟರ್ ಹಾಲು ಸೇರಿತು. 2021ರ ಡಿಸೆಂಬರ್‌ನಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ ಆರಂಭವಾಗಿ ಮುಂದೆ ಎಲ್ಲೆಡೆಗೆ ಬಂತು. 2024ರಲ್ಲಿ ರಾಗಿ ಮಾಲ್ಟ್ ಜೊತೆಗೂಡಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಮಕ್ಕಳ ಮನೆಯ ರೂಢಿಯನ್ನು ಗೌರವಿಸಿದ್ದು ಸರಿಯೇ. ಆದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನಿದ್ದರೆ ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಮಾತ್ರ ಎಂಬುದನ್ನು ಮರೆಯಬಾರದು. ಅಂತಹ ಮಗುವಿಗೆ ಮೊಳಕೆ ಕಾಳೋ ಶೇಂಗಾವೋ ಸಿಕ್ಕರೆ ಒಳ್ಳೆಯದು. ನುಗ್ಗೆಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಇದಕ್ಕೆ ಖರ್ಚೂ ಹೆಚ್ಚಿಲ್ಲ.

ಒಂದೇ ಪಂಕ್ತಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಡವರಿಗೆ ಮಾತ್ರ ಕೊಡಬೇಕೆಂದರೆ ಬಡವರು ಯಾರೆಂದು ಗುರುತಿಸಬೇಕು. ಅಮೆರಿಕದಲ್ಲಿ 1946ರ ಕಾನೂನಿನಂತೆ ಬೆಳೆದ ಶಾಲಾ ಊಟದಲ್ಲಿ ಪೂರ್ಣ ಬೆಲೆ, ಕಡಿಮೆ ಬೆಲೆ, ಉಚಿತ ಎಂಬ ಮೂರು ದರ್ಜೆಗಳು ಬಂದವು. ಕೆಲವು ಶಾಲೆಗಳಲ್ಲಿ ಉಚಿತ ಊಟದವರ ಚೀಟಿಯ ಬಣ್ಣವೇ ಬೇರೆ. ಹದಿಮೂರು ವರ್ಷದ ಹುಡುಗನೊಬ್ಬ ಆ ಬಣ್ಣದ ಚೀಟಿಯನ್ನು ಗೆಳೆಯರೆದುರು ತೆಗೆಯುತ್ತಾನೆಯೆ? ಎಷ್ಟೋ ಮಕ್ಕಳು ಹಸಿವನ್ನೇ ಆರಿಸಿಕೊಂಡರು. ಇದರ ಹೋಲಿಕೆಗೆ ಫಿನ್ಲೆಂಡನ್ನು ನೋಡಿ. ಯುದ್ಧದ ಬಡತನದ ನಡುವೆ 1943ರಲ್ಲಿ ಕಾನೂನು ಮಾಡಿ, 1948ರಿಂದ ಎಲ್ಲ ಮಕ್ಕಳಿಗೂ ಉಚಿತ ಊಟವನ್ನು ಆ ದೇಶ ಕಡ್ಡಾಯಗೊಳಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಈ ದಾರಿಗೆ ಬಂದದ್ದು 2022ರಲ್ಲಿ.

ನಮ್ಮಲ್ಲಿ ಎಲ್ಲರೂ ಕೂಡಿ ಉಣ್ಣುವುದಕ್ಕೆ ಇನ್ನೊಂದು ಅರ್ಥವೂ ಇದೆ. ಯಾರು ಯಾರ ಜೊತೆ ಕುಳಿತು, ಯಾರ ಕೈಯ ಅಡುಗೆ ಉಣ್ಣಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿದ್ದ ನಾಡು ಇದು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಇರಲಿ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಹೇಳಿತು. ಆದರೂ 2021ರ ಡಿಸೆಂಬರ್‌ನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಶಾಲೆಯೊಂದರಲ್ಲಿ ದಲಿತ ಮಹಿಳೆ ಮಾಡಿದ ಅಡುಗೆಯನ್ನು ಮೇಲ್ಜಾತಿಯ ಮಕ್ಕಳು ಮುಟ್ಟಲಿಲ್ಲ. ಆಕೆಯನ್ನು ತೆಗೆದುಹಾಕಿ, ಗದ್ದಲವಾದ ಮೇಲೆ ಮತ್ತೆ ಸೇರಿಸಿಕೊಳ್ಳಲಾಯಿತು. ಮಕ್ಕಳಿಗೆ ಆ ಪಾಠ ಹೇಳಿಕೊಟ್ಟವರು ಮನೆಯ ದೊಡ್ಡವರು ಎಂದು ಬೇರೆ ಹೇಳಬೇಕಾಗಿಲ್ಲ.

ಅಡುಗೆಯವರ ಬಗ್ಗೆ ಇನ್ನೊಂದು ಮಾತು. ನೂರು ಮಕ್ಕಳಿಗೆ ಇಬ್ಬರು ಎಂಬುದು ಕೇಂದ್ರದ ಲೆಕ್ಕ. ಅವರ ಗೌರವಧನ 2009ರಲ್ಲಿ ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು ಎಂದು ನಿಗದಿಯಾಯಿತು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಆ ಪದದಲ್ಲಿ ಗೌರವವೇ ಹೆಚ್ಚು, ಧನ ಕಡಿಮೆ! ಇತ್ತ ಅವರ ಹೊಣೆಯಾದರೋ ಸಣ್ಣದಲ್ಲ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದಲ್ಲಿ ಎಣ್ಣೆಯಲ್ಲಿ ಕೀಟನಾಶಕ ಬೆರೆತು 23 ಮಕ್ಕಳು ಸತ್ತರು. ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಬರೀ ಶಾಸ್ತ್ರಕ್ಕಲ್ಲ.

ಫಲ ಏನು? 1993ರಿಂದ 2016ರವರೆಗಿನ ರಾಷ್ಟ್ರೀಯ ಸಮೀಕ್ಷೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಡುಗಿಯರಾಗಿದ್ದಾಗ ಶಾಲೆಯಲ್ಲಿ ಊಟ ಸಿಕ್ಕ ತಾಯಂದಿರ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು ಕಡಿಮೆ ಎಂದು ಅದು ತೋರಿಸಿತು. ಒಂದು ತಟ್ಟೆ ಊಟ ಎರಡು ತಲೆಮಾರಿಗೆ ತಲುಪಿತು.

ಆದರೂ 'ಎಲ್ಲರಿಗೂ' ಎಂಬ ಮಾತು ನಮ್ಮಲ್ಲಿ ಇನ್ನೂ ಪೂರ್ತಿ ನಿಜವಾಗಿಲ್ಲ. ಕಾಯ್ದೆ ಹೇಳುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳನ್ನು ಮಾತ್ರ. ಅನುಕೂಲಸ್ಥರು ಖಾಸಗಿ ಶಾಲೆಗಳಿಗೆ ಹೊರಟುಹೋದಂತೆ, ಸಾರು ನೀರಾದರೆ ದನಿಯೆತ್ತಿ ಕೇಳಬಲ್ಲ ತಂದೆತಾಯಿಯರೂ ಪಂಕ್ತಿಯಿಂದ ಎದ್ದುಹೋಗಿದ್ದಾರೆ. ನನಗೆ ತೋರುವಂತೆ ಊಟದ ಗುಣಮಟ್ಟಕ್ಕೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಇನ್ನು ವಯಸ್ಸು: ಕಾಯ್ದೆಯ ಹಕ್ಕು ಹದಿನಾಲ್ಕಕ್ಕೆ ನಿಲ್ಲುತ್ತದೆ, ಹಸಿವು ನಿಲ್ಲುವುದಿಲ್ಲ. ಹದಿನಾರರ ಹುಡುಗಿಯ ಮೈಗೆ ಕಬ್ಬಿಣದಂಶ ಹೆಚ್ಚು ಬೇಕಾಗುವ ಕಾಲವದು. ಹತ್ತನೆಯ ತರಗತಿಯವರೆಗೆ ಬಿಸಿಯೂಟ ಉಂಡ ಆಕೆ ಬೆಳಗಿನ ಬಸ್ಸು ಹಿಡಿದು ತಾಲ್ಲೂಕು ಕೇಂದ್ರದ ಪದವಿಪೂರ್ವ ಕಾಲೇಜಿಗೆ ಬಂದಾಗ, ಬುತ್ತಿ ತಂದಿದ್ದರೆ ಉಂಟು, ಇಲ್ಲದಿದ್ದರೆ ಸಂಜೆಯ ಬಸ್ಸಿನವರೆಗೆ ನಲ್ಲಿಯ ನೀರು. ನಿಮ್ಮ ಪಕ್ಕದ ಬೆಂಚಿನಲ್ಲಿಯೇ ಆಕೆ ಕುಳಿತಿರಬಹುದು.